ಹಳೆಯ ಸ್ಕೂಬಾ ರೆಗ್ಯುಲೇಟರನ್ನು ಮತ್ತೆ ನೀರಿಗಿಳಿಸುವ ಕ್ರಮ

ಮುಂಬಯಿಯ ರೇ ರೋಡ್ ಬದಿಯ ದಾರೂಖಾನಾದಲ್ಲಿ ಒಡೆದ ಹಡಗುಗಳ ಸಾಮಾನು ಮಾರುವ ಗುಜರಿ ಅಂಗಡಿಗಳನ್ನು ಸುತ್ತುವ ಅಭ್ಯಾಸವಿದ್ದವರಿಗೆ, ಲಂಗರಿನ ಸರಪಳಿ, ಹಿತ್ತಾಳೆಯ ದೀಪ, ದುಂಡು ಕಿಟಕಿಗಳ ರಾಶಿಯ ನಡುವೆ ಎಂದಾದರೊಮ್ಮೆ ಸುಕ್ಕುಸುಕ್ಕಾದ ಎರಡು ರಬ್ಬರ್ ಕೊಳವೆಗಳಿರುವ ಲೋಹದ ಡಬ್ಬಿಯೊಂದು ಕಣ್ಣಿಗೆ ಬೀಳುವುದುಂಟು. ಅದೇ ಹಳೆಯ ಸ್ಕೂಬಾ ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯನ್ನು ನೀರಿನಡಿ ಉಸಿರಾಡಬಹುದಾದ ಒತ್ತಡಕ್ಕೆ ಇಳಿಸಿ ಕೊಡುವ ಸಾಧನ. ಅಂಗಡಿಯವನು ಅದನ್ನು ಹಿತ್ತಾಳೆಯ ತೂಕದ ಲೆಕ್ಕದಲ್ಲಿ ಕೊಡಲು ಸಿದ್ಧನಿರುತ್ತಾನೆ. ನಾವು ಸ್ವಲ್ಪ ಆಸೆಗಣ್ಣಿನಿಂದ ನೋಡಿದೆವೆಂದರೆ ‘ಚಾಲೂ ಮಾಲ್ ಹೈ, ಸೇಠ್’ ಎಂದು ಬೆಲೆಯನ್ನು ದುಪ್ಪಟ್ಟು ಮಾಡುತ್ತಾನೆ. ಈ ‘ಚಾಲೂ’ ಎಂಬ ಮಾತಿಗೆ ನೀರಿನ ಕೆಳಗೆ ಏನು ಅರ್ಥ ಎಂಬುದೇ ಈ ಲೇಖನದ ವಿಷಯ. ಬಾಯಿಗಿಟ್ಟು ಎಳೆದಾಗ ಗಾಳಿ ಬಂತು ಎಂಬುದು ಚಾಲ್ತಿಯಲ್ಲಿರುವುದರ ಲಕ್ಷಣವಲ್ಲ. ಗೇಜಿನ ಮುಳ್ಳು ಎಷ್ಟಕ್ಕೆ ನಿಂತಿತು, ನಿಂತ ಮೇಲೆ ಅಲುಗಿತೋ ಇಲ್ಲವೋ, ಎಷ್ಟು ಸೆಂಟಿಮೀಟರ್ ನೀರಿನ ಎಳೆತಕ್ಕೆ ವಾಲ್ವ್ ತೆರೆಯಿತು ಎಂಬ ಅಳತೆಗಳು ಸರಿಯಾಗಿ ಬಂದಾಗ ಮಾತ್ರ ಉಪಕರಣವು ದುರಸ್ತಿಯಾಗಿದೆ ಎನ್ನಬೇಕು.

ಎರಡು ಕೊಳವೆಯ ಆ ಡಬ್ಬಿಯ ಮೂಲ ಫ್ರಾನ್ಸಿನದು. ಏರ್ ಲಿಕ್ವಿಡ್ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾನ್ ಮತ್ತು ನೌಕಾಧಿಕಾರಿ ಜಾಕ್ ಕುಸ್ತೊ ಇಬ್ಬರೂ ಸೇರಿ 1943ರಲ್ಲಿ ರೂಪಿಸಿದ ಅಕ್ವಾಲಂಗ್‌ನ ವಂಶಕ್ಕೆ ಸೇರಿದ ಈ ರೆಗ್ಯುಲೇಟರುಗಳಲ್ಲಿ ಮಿಸ್ಟ್ರಲ್, ಡಿಎ ಅಕ್ವಾ ಮಾಸ್ಟರ್, ರಾಯಲ್ ಅಕ್ವಾ ಮಾಸ್ಟರ್ ಎಂಬ ಹೆಸರುಗಳು ಸಂಗ್ರಾಹಕರಿಗೆ ಚಿರಪರಿಚಿತ. ಇಂದು ನಾವು ಬಳಸುವ ಒಂಟಿ ಕೊಳವೆಯ ಬಗೆಯನ್ನು 1952ರಲ್ಲಿ ಮೆಲ್ಬರ್ನಿನ ಟೆಡ್ ಎಲ್ಡ್ರೆಡ್ ಮಾರುಕಟ್ಟೆಗೆ ತಂದರು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಇಂಥ ವಸ್ತುಗಳು ಸಿಗಲು ನೌಕಾದಳ, ಬಂದರು ಮತ್ತು 1974ರಲ್ಲಿ ಬಾಂಬೆ ಹೈನಲ್ಲಿ ತೈಲ ಸಿಕ್ಕ ಮೇಲೆ ಬೆಳೆದ ಸಾಗರದೊಳಗಿನ ಕೆಲಸಗಳು ಕಾರಣವಿರಬೇಕೆಂದು ನನ್ನ ಎಣಿಕೆ. ನಮ್ಮವರೇ ಆದ ಎಸ್. ಆರ್. ರಾವ್ ಅವರು ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಿಂದ 1980ರ ದಶಕದಲ್ಲಿ ದ್ವಾರಕೆಯ ಸಮುದ್ರದಡಿ ಉತ್ಖನನ ನಡೆಸಿದ್ದನ್ನು ನೆನೆದಾಗ, ಆ ಕಾಲದ ಉಪಕರಣವೊಂದು ಕೈಗೆ ಸಿಕ್ಕರೆ ಕರಗಿಸಲು ಬಿಡಬಾರದೆಂಬ ಆಸೆ ನನ್ನಂಥವರಿಗೆ ಹುಟ್ಟುವುದು ಸಹಜ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಕ್ರಮವು ಡೈವಿಂಗ್ ತರಬೇತಿ ಪಡೆದು, ಆಧುನಿಕ ಉಪಕರಣದಲ್ಲಿ ನೀರಿಗಿಳಿದು ಅನುಭವವಿರುವವರಿಗೆ ಮಾತ್ರ ತಕ್ಕುದು. ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಕೈಯಲ್ಲಿಲ್ಲದೆ ಯಾವ ತಿರುಪನ್ನೂ ಬಿಚ್ಚಬಾರದು. ಕೆಲಸ ಮುಗಿದ ಮೇಲೆ ರೆಗ್ಯುಲೇಟರ್ ತಂತ್ರಜ್ಞರೊಬ್ಬರಿಗೆ ತೋರಿಸದೆ ಸಮುದ್ರಕ್ಕೆ ಒಯ್ಯಬಾರದು.

ಕೊಳ್ಳುವಾಗ ನೋಡಬೇಕಾದದ್ದು

ಅಂಗಡಿಯಲ್ಲಿ ಅದನ್ನು ಬಾಯಿಗಿಡಲೇಬೇಡಿ. ದಶಕಗಳಿಂದ ಮುಚ್ಚಿದ್ದ ಕೊಳವೆಯೊಳಗೆ ಬೂಷ್ಟು, ಜೇಡರ ಬಲೆ, ಕೊಳೆತ ರಬ್ಬರಿನ ಪುಡಿ ಎಲ್ಲವೂ ಇರುತ್ತವೆ. ಒಂದು ಉಸಿರಿಗೆ ಅವೆಲ್ಲ ಶ್ವಾಸಕೋಶಕ್ಕೆ ಹೋಗುತ್ತವೆ. ರಬ್ಬರಿನ ಸ್ಥಿತಿಯನ್ನು ನೋಡಿ ನಿರಾಶರಾಗುವ ಅಗತ್ಯವೂ ಇಲ್ಲ, ಏಕೆಂದರೆ ಅದನ್ನು ಹೇಗೂ ಎಸೆಯಲಿದ್ದೇವೆ. ನೋಡಬೇಕಾದದ್ದು ಲೋಹವನ್ನು. ಡಬ್ಬಿಯ ಅಂಚು ನೆಗ್ಗಿದ್ದರೆ ಡಯಾಫ್ರಾಮ್ (ಒಳಗಿನ ರಬ್ಬರ್ ಪರದೆ) ಸರಿಯಾಗಿ ಕೂರುವುದಿಲ್ಲ. ಸಿಲಿಂಡರಿಗೆ ಕಚ್ಚಿಕೊಳ್ಳುವ ಯೋಕ್ ಬಾಗಿರಬಾರದು, ಅದರ ತಿರುಪಿನ ಹಲ್ಲುಗಳು ಸವೆದಿರಬಾರದು. ಹಸಿರು ಕಿಲುಬು ಕಂಡರೆ ಹೆದರಬೇಡಿ. ಹಿತ್ತಾಳೆಗೆ ಕಿಲುಬು ಹತ್ತುವುದು ಅಡುಗೆಮನೆಯಲ್ಲೂ ನೋಡಿದ್ದೇವೆ, ತೊಳೆದರೆ ಹೋಗುತ್ತದೆ. ಹೆದರಬೇಕಾದದ್ದು ಕ್ರೋಮ್ ಲೇಪ ಕಿತ್ತುಹೋದ ಜಾಗದಲ್ಲಿ ಹಿತ್ತಾಳೆಯು ಹಳದಿಯಾಗಿರದೆ ತಾಮ್ರದಂತೆ ಕೆಂಪಗೆ ಕಂಡಾಗ. ಉಪ್ಪುನೀರು ಹಿತ್ತಾಳೆಯೊಳಗಿನ ಸತುವನ್ನು ತಿಂದುಹಾಕಿ ತಾಮ್ರದ ಜೊಳ್ಳನ್ನಷ್ಟೇ ಉಳಿಸಿದಾಗ ಈ ಬಣ್ಣ ಬರುತ್ತದೆ, ಆ ಲೋಹಕ್ಕೆ ಒತ್ತಡ ತಡೆಯುವ ಬಲವಿರುವುದಿಲ್ಲ. ಅಂಥದ್ದನ್ನು ಗೋಡೆಗೆ ತೂಗುಹಾಕಲು ಕೊಳ್ಳಬಹುದು.

ಎರಡನೆಯದಾಗಿ ಹೆಸರಿನ ಪಟ್ಟಿಯನ್ನು ಓದಿ. ಯುಎಸ್ ಡೈವರ್ಸ್ ಕಂಪನಿಯ ಎರಡು ಕೊಳವೆಯ ಮಾದರಿಗಳಿಗೆ, ಕಾನ್‌ಶೆಲ್ಫ್‌ಗೆ, ಸ್ಕೂಬಾಪ್ರೋ ಮಾರ್ಕ್ 5ಕ್ಕೆ ಇಂದಿಗೂ ಹೊಸ ಸೀಟು (ಗಾಳಿಯ ದಾರಿಯನ್ನು ಮುಚ್ಚುವ ಬಿಲ್ಲೆ), ಡಯಾಫ್ರಾಮ್, ಕೊಳವೆಗಳನ್ನು ತಯಾರಿಸಿ ಮಾರುವವರಿದ್ದಾರೆ, ವಿದೇಶದಿಂದ ತರಿಸಿಕೊಳ್ಳಬಹುದು. ಹೆಸರೇ ಕೇಳಿರದ ಮಾದರಿ ಎಷ್ಟು ಹೊಳೆದರೂ, ಅದರ ಹೈ ಪ್ರೆಶರ್ ಸೀಟು ಸಿಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸೀಟನ್ನು ಲೇತಿನಲ್ಲಿ ಕೊರೆಸಿಕೊಂಡು ಹಾಕುವ ಉತ್ಸಾಹಿಗಳನ್ನು ನಾನು ಬಲ್ಲೆ. ಅವರ ಕೈಚಳಕದ ಬಗ್ಗೆ ಗೌರವವಿದೆ, ಆದರೆ ಅವರ ಜೊತೆ ನೀರಿಗಿಳಿಯಲು ನನಗೆ ಧೈರ್ಯವಿಲ್ಲ.

ಬಿಚ್ಚುವುದು

ಬಿಚ್ಚುವ ಮೊದಲು ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದುಕೊಳ್ಳಿ, ನಂತರ ಪ್ರತಿ ಭಾಗ ಹೊರಬಂದಂತೆ ಒಂದೊಂದು ಫೋಟೊ ತೆಗೆಯಿರಿ. ಬಿಡಿಭಾಗಗಳನ್ನು ಕ್ರಮವಾಗಿ ಇಡಲು ಇಡ್ಲಿ ತಟ್ಟೆಗಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಮೊದಲ ಕುಳಿಯಲ್ಲಿ ಮೊದಲು ಬಿಚ್ಚಿದ್ದು, ಎರಡನೆಯದರಲ್ಲಿ ನಂತರದ್ದು ಹೀಗೆ ಇಡುತ್ತ ಹೋದರೆ ಜೋಡಿಸುವಾಗ ಹಿಂದುಮುಂದಾಗಿ ಎತ್ತಿಕೊಂಡರಾಯಿತು. ಕುಳಿಯ ತೂತುಗಳಿಂದ ಸಣ್ಣ ಪಿನ್ನು ಜಾರಿಹೋಗದಂತೆ ಕೆಳಗೆ ಬಟ್ಟೆ ಹಾಸಿರಬೇಕು, ಮತ್ತು ಆ ತಟ್ಟೆ ಮತ್ತೆ ಅಡುಗೆಮನೆಗೆ ಹೋಗಬಾರದು.

ಎರಡು ಕೊಳವೆಯ ಡಬ್ಬಿಯ ಅಂಚಿನ ಕ್ಲಿಪ್ಪುಗಳನ್ನೋ ಪಟ್ಟಿಯನ್ನೋ ಬಿಡಿಸಿದರೆ ಮುಚ್ಚಳ ಬೇರೆಯಾಗಿ ಅಗಲವಾದ ಡಯಾಫ್ರಾಮ್ ಕಾಣುತ್ತದೆ, ಅದರ ಕೆಳಗೆ ಸನ್ನೆಗಳು, ಸನ್ನೆಗಳ ಕೆಳಗೆ ಲೋ ಪ್ರೆಶರ್ ಸೀಟು. ಕೆಲಸ ಮಾಡುವ ತತ್ವ ಸರಳ: ಉಸಿರೆಳೆದಾಗ ಡಬ್ಬಿಯೊಳಗಿನ ಒತ್ತಡ ಇಳಿದು ಡಯಾಫ್ರಾಮ್ ಒಳಕ್ಕೆ ಬಾಗುತ್ತದೆ, ಸನ್ನೆಯನ್ನು ಅದುಮುತ್ತದೆ, ಸೀಟು ತೆರೆದು ಗಾಳಿ ಬರುತ್ತದೆ. ಬಿಟ್ಟ ಉಸಿರು ಇನ್ನೊಂದು ಕೊಳವೆಯಿಂದ ಹಿಂದಿರುಗಿ, ಅದೇ ಡಬ್ಬಿಯಲ್ಲಿರುವ ಬಾತುಕೋಳಿಯ ಕೊಕ್ಕಿನಂಥ ರಬ್ಬರ್ ವಾಲ್ವಿನಿಂದ ಹೊರಹೋಗುತ್ತದೆ. ಬಿಟ್ಟ ಉಸಿರನ್ನು ಬಾಯಿಯ ಹತ್ತಿರವೇ ಹೊರಬಿಡದೆ ಬೆನ್ನಿನವರೆಗೆ ಒಯ್ಯುವುದು ಅಲಂಕಾರಕ್ಕಲ್ಲ. ಆ ವಾಲ್ವ್ ಡಯಾಫ್ರಾಮಿನ ಮಟ್ಟದಲ್ಲೇ ಇರಬೇಕು. ಎರಡಕ್ಕೂ ತಗಲುವ ನೀರಿನ ಒತ್ತಡ ಒಂದೇ ಆಗಿರದಿದ್ದರೆ, ವಾಲ್ವ್ ಮೇಲಿದ್ದಾಗ ಗಾಳಿ ತಾನಾಗಿ ಸೋರತೊಡಗುತ್ತದೆ. ಆದ್ದರಿಂದ ಅದನ್ನು ಬದಲಿಸುವಾಗ ಮೂಲದ ಉದ್ದ ಮತ್ತು ಸ್ಥಾನವನ್ನು ಕೂದಲೆಳೆಯಷ್ಟೂ ತಪ್ಪದಂತೆ ಪಾಲಿಸಬೇಕು.

ಓ-ರಿಂಗುಗಳನ್ನು (ಸೋರಿಕೆ ತಡೆಯುವ ರಬ್ಬರ್ ಉಂಗುರಗಳನ್ನು) ಹೊರತೆಗೆಯಲು ಸೂಜಿ, ಸ್ಕ್ರೂಡ್ರೈವರುಗಳನ್ನು ಬಳಸಬೇಡಿ. ಉಕ್ಕಿನ ಮೊನೆ ಹಿತ್ತಾಳೆಯ ತೋಡಿನಲ್ಲಿ ಎಳೆದ ಒಂದು ಗೀರು ಮುಂದೆ ಎಂದೂ ನಿಲ್ಲದ ಸೋರಿಕೆಯಾಗುತ್ತದೆ. ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿ ಸಾಕು. ಸರ್ಕ್ಲಿಪ್ ಇಕ್ಕಳ ಮತ್ತು ಪಿನ್ ಸ್ಪ್ಯಾನರ್ ಮಾತ್ರ ಒಳ್ಳೆಯ ಗುಣಮಟ್ಟದ್ದೇ ಇರಬೇಕು. ಬಿಗಿದುಕೊಂಡ ತಿರುಪಿಗೆ ಬಲ ಪ್ರಯೋಗಿಸುವ ಬದಲು ಒಂದು ರಾತ್ರಿ ವಿನೆಗರ್ ಬೆರೆಸಿದ ನೀರು ತಾಗಿಸಿಟ್ಟು ಮರುದಿನ ಪ್ರಯತ್ನಿಸಿ, ಆದರೆ ಇದು ಕ್ರೋಮ್ ಗಟ್ಟಿಯಾಗಿರುವ ಭಾಗಕ್ಕೆ ಮಾತ್ರ.

ತೊಳೆಯುವುದು

ಮೊದಲ ಸ್ನಾನ ಬೆಚ್ಚನೆಯ ನೀರು ಮತ್ತು ಪಾತ್ರೆ ತೊಳೆಯುವ ದ್ರವದ್ದು. ಹಳೆಯ ಗ್ರೀಸು ಮೇಣದಂತೆ ಗಟ್ಟಿಯಾಗಿರುತ್ತದೆ, ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ಸಾವಧಾನವಾಗಿ ತೆಗೆಯಬೇಕು. ಅದು ಹೋಗದೆ ಆಮ್ಲವು ಲೋಹವನ್ನು ಮುಟ್ಟುವುದಿಲ್ಲ. ಎರಡನೆಯದು ಬಿಳಿ ವಿನೆಗರ್ ಮತ್ತು ನೀರು ಸಮಪಾಲಾಗಿ ಬೆರೆಸಿದ ದ್ರಾವಣ: ಐದರಿಂದ ಹತ್ತು ನಿಮಿಷ, ಆಗಾಗ ಎತ್ತಿ ನೋಡುತ್ತ. ಅಲ್ಟ್ರಾಸೋನಿಕ್ ಯಂತ್ರವಿದ್ದರೆ ಇದೇ ದ್ರಾವಣವನ್ನು ಅದರಲ್ಲಿ ಹಾಕಿದಾಗ ಕೈ ಹೋಗದ ರಂಧ್ರಗಳೂ ಸ್ವಚ್ಛವಾಗುತ್ತವೆ. ಕ್ರೋಮ್ ಲೇಪ ಈಗಾಗಲೇ ಏಳುತ್ತಿರುವ ಭಾಗವನ್ನು ಹೆಚ್ಚು ಹೊತ್ತು ಬಿಟ್ಟರೆ ಉಳಿದ ಲೇಪವೂ ಸಿಪ್ಪೆಯಂತೆ ಏಳುತ್ತದೆ, ಆ ಸಿಪ್ಪೆಯ ಚೂರು ಮುಂದೆ ಸೀಟಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿ ಆಮ್ಲವನ್ನು ಶಮನಗೊಳಿಸಿ, ನಲ್ಲಿಯ ನೀರಿನಲ್ಲಿ ತೊಳೆದು, ಕೊನೆಯ ಜಾಲಿಸುವಿಕೆಯನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಮಾಡಿ.

ಹಿತ್ತಾಳೆ ಎಂದ ಕೂಡಲೇ ನಮ್ಮ ಕೈ ಹುಣಸೆಹಣ್ಣಿನ ಕಡೆಗೆ ಹೋಗುತ್ತದೆ. ದೇವರ ದೀಪಕ್ಕೆ ಅದು ಸರಿ. ರೆಗ್ಯುಲೇಟರಿನ ಒಳಭಾಗಕ್ಕೆ ಹುಣಸೆಯ ನಾರು, ಇಟ್ಟಿಗೆ ಪುಡಿ, ಪಾತ್ರೆ ಹೊಳಪಿಸುವ ಪುಡಿ ಯಾವುದೂ ಬೇಡ. ಓ-ರಿಂಗ್ ಕೂರುವ ಮೇಲ್ಮೈಯು ಹೊಳೆಯುವುದಕ್ಕಿಂತ ಗೀರಿಲ್ಲದಿರುವುದು ಮುಖ್ಯ. ಹೊರಗಿನ ಡಬ್ಬಿಯನ್ನು ಬೇಕಾದಷ್ಟು ಹೊಳಪಿಸಿಕೊಳ್ಳಿ.

ಒಣಗಿದ ಮೇಲೆ ಹೈ ಪ್ರೆಶರ್ ಸೀಟು ಒತ್ತಿಕೊಳ್ಳುವ ಲೋಹದ ಬಾಯಿಯನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕಣ್ಣುಗಾಜಿನಲ್ಲಿ ನೋಡಿ. ಚಿನ್ನದ ಕೆಲಸದವರು ಬಳಸುವ ಈ ಗಾಜು ಝವೇರಿ ಬಜಾರಿನ ಸುತ್ತಮುತ್ತ ಸುಲಭವಾಗಿ ಸಿಗುತ್ತದೆ. ಉಂಗುರದಂಥ ಆ ಅಂಚು ಪೂರ್ತಿ ಸುತ್ತು ಒಂದೇ ಸಮನೆ ಮಿಂಚಬೇಕು. ಒಂದೇ ಒಂದು ಕಚ್ಚು ಕಂಡರೂ ಆ ಭಾಗವನ್ನು ಬದಲಿಸಬೇಕು, ಏಕೆಂದರೆ ಎಷ್ಟು ಹೊಸ ಸೀಟು ಹಾಕಿದರೂ ಆ ಕಚ್ಚು ಅದನ್ನು ಕೊರೆಯುತ್ತಲೇ ಇರುತ್ತದೆ.

ರಬ್ಬರು, ಗ್ರೀಸು

ಇಲ್ಲಿ ರಾಜಿಯಿಲ್ಲ. ಕೊಳವೆ, ಡಯಾಫ್ರಾಮ್, ಮೌತ್‌ಪೀಸ್, ಹೊರಹೋಗುವ ವಾಲ್ವ್, ಪ್ರತಿಯೊಂದು ಓ-ರಿಂಗ್, ಒಂಟಿ ಕೊಳವೆಯ ಮಾದರಿಯಾದರೆ ಅದರ ಒತ್ತಡದ ಹೋಸುಗಳು, ಎಲ್ಲವೂ ಹೊಸದಾಗಬೇಕು. ನನ್ನ ಮೊದಲ ರೆಗ್ಯುಲೇಟರಿನಲ್ಲಿ ಹೊರಹೋಗುವ ವಾಲ್ವ್ ಎಷ್ಟು ಮೆತ್ತಗಿತ್ತೆಂದರೆ, ಮೂಲದ್ದನ್ನೇ ಉಳಿಸಿಕೊಂಡೆನೆಂಬ ಹೆಮ್ಮೆಯಲ್ಲಿ ಅದನ್ನೇ ಮತ್ತೆ ಹಾಕಿದೆ. ಈಜುಕೊಳದ ಆಳವಿಲ್ಲದ ಬದಿಯಲ್ಲಿ ಕುಳಿತು ಉಸಿರಾಡಿದಾಗ ಪ್ರತಿ ಉಸಿರಿಗೂ ಒಂದು ಚಮಚದಷ್ಟು ನೀರು ಬಾಯಿಗೆ ಬಂತು. ಬಿಚ್ಚಿ, ಹಿಗ್ಗಿಸಿ, ಬೆಳಕಿಗೆ ಹಿಡಿದಾಗ ಮಡಿಕೆಯೊಳಗೆ ಉಗುರಿನ ಚೂರಿನಷ್ಟು ಉದ್ದದ ಸೀಳು ಕಂಡಿತು. ಹತ್ತು ಮೀಟರ್ ಆಳದಲ್ಲಿ ಅದು ತಿಳಿದಿದ್ದರೆ ಈ ಲೇಖನವನ್ನು ಇಷ್ಟು ಸಮಾಧಾನವಾಗಿ ಬರೆಯುತ್ತಿರಲಿಲ್ಲ.

ಓ-ರಿಂಗುಗಳಿಗೆ ವಿದೇಶದ ಕಿಟ್ಟಿನ ದಾರಿ ಕಾಯಬೇಕಾಗಿಲ್ಲ. ಕ್ರಾಫರ್ಡ್ ಮಾರ್ಕೆಟ್ಟಿನ ಬಳಿಯ ನಾಗದೇವಿ ಸ್ಟ್ರೀಟಿನಲ್ಲಿ ಕೈಗಾರಿಕಾ ಸಾಮಾನಿನ ಅಂಗಡಿಗಳ ಸಾಲೇ ಇದೆ, ಎಎಸ್568 ಎಂಬ ಅಳತೆ ಕ್ರಮದ ಸಂಖ್ಯೆ ಹೇಳಿದರೆ ಬೇಕಾದದ್ದು ಸಿಗುತ್ತದೆ. ಲೋ ಪ್ರೆಶರ್ ಹೋಸಿನ ಸಾಮಾನ್ಯ ತಿರುಪಿಗೆ 011, ಇಂದಿನ ಹೈ ಪ್ರೆಶರ್ ಹೋಸಿಗೆ 012, ಯೋಕ್ ಬಗೆಯ ಸಿಲಿಂಡರ್ ವಾಲ್ವಿನ ಮುಖಕ್ಕೆ 014. ‘ನೈಟ್ರೈಲ್, ಗಡಸುತನ 70’ ಅಥವಾ ‘90’ ಎಂದು ಸ್ಪಷ್ಟವಾಗಿ ಕೇಳಿ. ಹೈ ಪ್ರೆಶರಿನ ಜಾಗಕ್ಕೆ 90ರದ್ದೇ ಬೇಕು, ಮೆದುವಾದದ್ದು ಒತ್ತಡಕ್ಕೆ ಸಂದಿಯಲ್ಲಿ ಹಿಂಡಿಕೊಂಡು ಹೋಗುತ್ತದೆ. ಸೀಟು, ಡಯಾಫ್ರಾಮ್, ಹೊರಹೋಗುವ ವಾಲ್ವುಗಳನ್ನು ಮಾತ್ರ ಆ ಮಾದರಿಗೆಂದೇ ಮಾಡಿದವುಗಳನ್ನು ತರಿಸಬೇಕು.

ಗ್ರೀಸ್ ಎಂದರೆ ಶುದ್ಧ ಸಿಲಿಕೋನ್ ಗ್ರೀಸ್. ಕರಾವಳಿಯವರಾದ ನಮಗೆ ಜಗತ್ತಿನ ಎಲ್ಲ ಕಿರುಗುಟ್ಟುವಿಕೆಗೂ ತೆಂಗಿನೆಣ್ಣೆಯೇ ಮದ್ದು, ಆದರೆ ಇಲ್ಲಿ ಅದಕ್ಕೂ ವ್ಯಾಸಲೀನಿಗೂ ಪ್ರವೇಶವಿಲ್ಲ. ಎಣ್ಣೆ ಮತ್ತು ಪೆಟ್ರೋಲಿಯಂ ಜೆಲ್ಲಿ ರಬ್ಬರನ್ನು ಊದಿಸಿ ಕೆಡಿಸುತ್ತವೆ, ಉಸಿರಿನ ಹಾದಿಯಲ್ಲಿ ಇರಲೂಬಾರದು. ಹಾಗೆಯೇ, ಸಿಲಿಕೋನ್ ರಬ್ಬರಿನಿಂದಲೇ ಮಾಡಿದ ಹೊಸ ಡಯಾಫ್ರಾಮಿಗೆ ಸಿಲಿಕೋನ್ ಗ್ರೀಸನ್ನು ಹಚ್ಚಬಾರದು, ಅದು ಹಿಗ್ಗಿ ಆಕಾರ ಕೆಡುತ್ತದೆ. ಓ-ರಿಂಗಿಗೆ ಹಚ್ಚುವಾಗಲೂ ಮೇಲ್ಮೈ ಮಿರುಗುವಷ್ಟು ಸಾಕು, ಮುದ್ದೆ ಬೇಡ. ಮುದ್ದೆ ಗ್ರೀಸು ಮರಳು ಹಿಡಿಯುತ್ತದೆ.

ಜೋಡಿಸಿ ಅಳೆಯುವುದು

ಜೋಡಣೆಗಿಂತ ಹೊಂದಾಣಿಕೆಗೆ ಹೆಚ್ಚು ಸಮಯ ಬೇಕು, ಮತ್ತು ಅದರ ಕ್ರಮ ಬದಲಾಗಬಾರದು: ಮೊದಲು ಫಸ್ಟ್ ಸ್ಟೇಜಿನ ಮಧ್ಯಂತರ ಒತ್ತಡ, ನಂತರವೇ ಸೆಕೆಂಡ್ ಸ್ಟೇಜಿನ ಸನ್ನೆ. ಫಸ್ಟ್ ಸ್ಟೇಜ್ ಎಂದರೆ ಸಿಲಿಂಡರಿನ ಒತ್ತಡವನ್ನು ಮೊದಲು ಇಳಿಸುವ ಭಾಗ, ಸೆಕೆಂಡ್ ಸ್ಟೇಜ್ ಎಂದರೆ ಅದನ್ನು ಉಸಿರಿನ ಮಟ್ಟಕ್ಕೆ ತರುವ ಭಾಗ; ಇವೆರಡರ ನಡುವೆ ಇರುವುದೇ ಮಧ್ಯಂತರ ಒತ್ತಡ. ಸೆಕೆಂಡ್ ಸ್ಟೇಜಿನ ಸ್ಪ್ರಿಂಗು ತಡೆಯಬೇಕಾದದ್ದು ಆ ಮಧ್ಯಂತರ ಒತ್ತಡವನ್ನೇ ಆದ್ದರಿಂದ, ಅದನ್ನು ನಿಲ್ಲಿಸದೆ ಸನ್ನೆ ತಿದ್ದಿದರೆ ಎರಡೂ ಕೆಲಸಗಳನ್ನು ಮತ್ತೆ ಮಾಡಬೇಕಾಗುತ್ತದೆ. ಮಿಸ್ಟ್ರಲ್‌ನಂಥ ಒಂದೇ ಹಂತದ ರೆಗ್ಯುಲೇಟರಿಗೆ ಈ ಮಧ್ಯಂತರ ಒತ್ತಡದ ಮಾತೇ ಇಲ್ಲ.

ಒಂಟಿ ಕೊಳವೆಯ ಬಹುತೇಕ ಮಾದರಿಗಳಲ್ಲಿ ಮಧ್ಯಂತರ ಒತ್ತಡ 8ರಿಂದ 10 ಬಾರ್ ನಡುವೆ ಇರುತ್ತದೆ. ನಿಮ್ಮ ಮಾದರಿಯ ನಿಖರ ಅಂಕಿಯನ್ನು ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಬೇಕು. ಅಳೆಯಲು 0–20 ಬಾರ್ ತೋರಿಸುವ ಗೇಜನ್ನು ಲೋ ಪ್ರೆಶರ್ ಪೋರ್ಟಿಗೆ ಸೇರಿಸುತ್ತಾರೆ. ಪೋರ್ಟೇ ಇಲ್ಲದ ಎರಡು ಕೊಳವೆಯ ಮಾದರಿಗಳಿಗೆ ಅವುಗಳದೇ ಅಡಾಪ್ಟರ್ ಬೇಕಾಗುತ್ತದೆ. ಸಿಲಿಂಡರನ್ನು ತೀರ ನಿಧಾನವಾಗಿ ತೆರೆಯಿರಿ, ಗೇಜಿನ ಗಾಜು ನಿಮ್ಮ ಮುಖದ ಕಡೆಗೆ ತಿರುಗಿರದಿರಲಿ. ಮುಳ್ಳು ಏರಿ ಒಂದು ಅಂಕಿಗೆ ಥಟ್ಟನೆ ನಿಲ್ಲಬೇಕು. ಉಸಿರೆಳೆದಾಗ ಸ್ವಲ್ಪ ಇಳಿದು, ಬಿಟ್ಟ ಕೂಡಲೇ ಅದೇ ಅಂಕಿಗೆ ಬಂದು, ಐದು ನಿಮಿಷ ನೋಡಿದರೂ ಅಲ್ಲೇ ಇರಬೇಕು. ನಿಂತಂತೆ ಕಂಡ ಮುಳ್ಳು ಇರುವೆಯ ವೇಗದಲ್ಲಿ ಮೇಲಕ್ಕೆ ಹರಿಯುತ್ತಿದ್ದರೆ ಹೈ ಪ್ರೆಶರ್ ಸೀಟು ಸೋರುತ್ತಿದೆ ಎಂದೇ ಅರ್ಥ, ಆಗ ಬಿಚ್ಚಿ ಮತ್ತೆ ಕಣ್ಣುಗಾಜಿನ ಹಂತಕ್ಕೆ ಹೋಗಬೇಕು. ಹೊಸ ಸೀಟು ತನ್ನ ಜಾಗದಲ್ಲಿ ಕೂರಲು ನೂರಾರು ಉಸಿರುಗಳು ಬೇಕಾಗುವುದರಿಂದ, ಒಂದು ದಿನ ಬಿಟ್ಟು ಇನ್ನೊಮ್ಮೆ ಅಳೆದು ತಿದ್ದಿ. ಸಮತೋಲಿತವಲ್ಲದ ಹಳೆಯ ವಿನ್ಯಾಸಗಳಲ್ಲಿ ಸಿಲಿಂಡರಿನ ಒತ್ತಡ ಇಳಿದಂತೆ ಈ ಅಂಕಿಯೂ ಬದಲಾಗುತ್ತದೆ. ಹಾಗಾಗಿ ತುಂಬಿದ ಸಿಲಿಂಡರಿನಲ್ಲೊಮ್ಮೆ, 35 ಬಾರ್‌ಗೆ ಇಳಿದಾಗ ಮತ್ತೊಮ್ಮೆ ನೋಡಿ ಬರೆದಿಟ್ಟುಕೊಳ್ಳಬೇಕು.

ಇನ್ನೊಂದು ಎಚ್ಚರ. ಗಾಳಿಯ ಹರಿವಿನ ದಿಕ್ಕಿಗೇ ತೆರೆಯುವ ಸೆಕೆಂಡ್ ಸ್ಟೇಜ್ ವಾಲ್ವ್, ಫಸ್ಟ್ ಸ್ಟೇಜ್ ಕೆಟ್ಟು ಒತ್ತಡ ಏರಿದರೆ ತಾನೇ ತೆರೆದುಕೊಂಡು ಗಾಳಿಯನ್ನು ಹೊರಬಿಡುತ್ತದೆ. ಹರಿವಿಗೆ ಎದುರಾಗಿ ತೆರೆಯುವ ಹಳೆಯ ಬಗೆಗಳಲ್ಲಿ ಏರಿದ ಒತ್ತಡ ವಾಲ್ವನ್ನು ಇನ್ನಷ್ಟು ಬಿಗಿಯುತ್ತದೆ, ಕೊನೆಗೆ ಹೋಸು ಒಡೆಯುತ್ತದೆ. ಅಂಥ ಮಾದರಿಯಲ್ಲಿ ಒತ್ತಡ ಬಿಡುಗಡೆಯ ಪ್ರತ್ಯೇಕ ವಾಲ್ವ್ ಇದೆಯೇ, ಕೆಲಸ ಮಾಡುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳದೆ ಮುಂದುವರಿಯಬಾರದು.

ಸೆಕೆಂಡ್ ಸ್ಟೇಜಿನ ಸನ್ನೆಯು ಡಯಾಫ್ರಾಮನ್ನು ಆಗತಾನೆ ಮುಟ್ಟುವಂತಿರಬೇಕು. ಎತ್ತರವಾದರೆ ಮುಚ್ಚಳ ಹಾಕಿದೊಡನೆ ಗಾಳಿ ಸುರಿಯುತ್ತದೆ, ತಗ್ಗಾದರೆ ಉಸಿರಿಗೆ ಶ್ರಮವಾಗುತ್ತದೆ. ಒಂಟಿ ಕೊಳವೆಯ ಮಾದರಿಯಲ್ಲಿ ಇದನ್ನು ಅಳೆಯಲು ದುಬಾರಿ ಉಪಕರಣ ಬೇಡ. ಗಾಳಿ ತೆರೆದಿಟ್ಟು, ಮೌತ್‌ಪೀಸ್ ಮೇಲ್ಮುಖವಾಗಿ, ಡಯಾಫ್ರಾಮ್ ಕೆಳಮುಖವಾಗಿ ಇರುವಂತೆ ಹಿಡಿದು ನೀರು ತುಂಬಿದ ಬಕೆಟ್ಟಿಗೆ ಮೆಲ್ಲನೆ ಇಳಿಸಿ. ಸುಯ್ ಎಂಬ ಸದ್ದು ಆರಂಭವಾದಾಗ ಡಯಾಫ್ರಾಮ್ ನೀರಿನ ಮಟ್ಟದಿಂದ ಎಷ್ಟು ಕೆಳಗಿದೆಯೋ ಅದೇ ವಾಲ್ವ್ ತೆರೆಯಲು ಬೇಕಾದ ಎಳೆತ. ಎರಡೂವರೆಯಿಂದ ಮೂರೂವರೆ ಸೆಂಟಿಮೀಟರ್ ಬಂದರೆ ಒಳ್ಳೆಯದು. ಎರಡಕ್ಕಿಂತ ಕಡಿಮೆ ಮಾಡಿ ‘ಮೊಸರಿನಂತೆ ಉಸಿರು ಬರುತ್ತದೆ’ ಎಂದು ಬೀಗುವುದು ಬೇಡ, ಅದು ನೀರಿಗೆ ಹಾರಿದ ಕ್ಷಣ ಸೋರತೊಡಗುತ್ತದೆ.

ಕೊನೆಯದಾಗಿ ಸಿಲಿಂಡರ್ ಮುಚ್ಚಿ, ಉಳಿದ ಗಾಳಿ ಬಿಟ್ಟು, ಫಸ್ಟ್ ಸ್ಟೇಜಿನ ಬಾಯಿಗೆ ಮುಚ್ಚಳ ಹಾಕಿ ಮೌತ್‌ಪೀಸಿನಿಂದ ಎಳೆಯಿರಿ. ಏನೂ ಬರಬಾರದು. ಸ್ವಲ್ಪವಾದರೂ ಗಾಳಿ ಬಂದರೆ, ಗಾಳಿ ಬಂದ ದಾರಿಯಲ್ಲೇ ನೀರೂ ಬರುತ್ತದೆ.

ಸಿಲಿಂಡರಿನ ವಿಷಯ

ಹಳೆಯ ಸಿಲಿಂಡರನ್ನು ಅಲಂಕಾರಕ್ಕೆ ಬಿಟ್ಟು, ಡೈವಿಂಗ್ ಕೇಂದ್ರದ ಇಂದಿನ ಸಿಲಿಂಡರನ್ನೇ ಬಳಸಿ ಎಂಬುದು ನನ್ನ ನೇರ ಸಲಹೆ. ಭಾರತದಲ್ಲಿ ಅನಿಲ ಸಿಲಿಂಡರುಗಳು 2016ರ ಗ್ಯಾಸ್ ಸಿಲಿಂಡರ್ ನಿಯಮಗಳಡಿ ಬರುತ್ತವೆ, ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಅವನ್ನು ನೋಡಿಕೊಳ್ಳುತ್ತದೆ. ಅನುಮೋದನೆಯಿಲ್ಲದ, ಪರೀಕ್ಷೆಯ ಅವಧಿ ಮೀರಿದ ಸಿಲಿಂಡರಿಗೆ ಗಾಳಿ ತುಂಬುವುದು ಕಾನೂನಿಗೆ ವಿರುದ್ಧ, ಗುಜರಿಯಿಂದ ಬಂದ ವಿದೇಶಿ ಸಿಲಿಂಡರಿಗೆ ಆ ಕಾಗದಪತ್ರ ಇರುವುದಿಲ್ಲ. ಕಾನೂನನ್ನು ಬದಿಗಿಟ್ಟರೂ ಕಾರಣಗಳಿವೆ. ಒಳಗೆ ತೇವ ಉಳಿದ ಉಕ್ಕಿನ ಸಿಲಿಂಡರಿನಲ್ಲಿ ತುಕ್ಕು ಬೆಳೆಯುತ್ತ ಗಾಳಿಯ ಆಮ್ಲಜನಕವನ್ನೇ ತಿಂದುಹಾಕುತ್ತದೆ, ಉಳಿದ ಗಾಳಿಗೆ ವಾಸನೆಯೂ ಇರುವುದಿಲ್ಲ, ಉಸಿರಾಡಿದವನು ಸುಳಿವಿಲ್ಲದೆ ಪ್ರಜ್ಞೆ ತಪ್ಪುತ್ತಾನೆ. 6351 ಎಂಬ ಮಿಶ್ರಲೋಹದಿಂದ ಮಾಡಿದ ಹಳೆಯ ಅಲ್ಯುಮಿನಿಯಂ ಸಿಲಿಂಡರುಗಳ ಕುತ್ತಿಗೆಯಲ್ಲಿ ನಿರಂತರ ಒತ್ತಡದಿಂದ ಬಿರುಕು ಹುಟ್ಟುವುದು ದಾಖಲಾಗಿದೆ, ತುಂಬುವಾಗಲೇ ಸಿಡಿದ ಉದಾಹರಣೆಗಳಿವೆ.

ಹಾಗಿದ್ದೂ ಹಳೆಯದನ್ನು ಪರೀಕ್ಷೆಗೆ ಕಳಿಸುವ ಹಠವಿದ್ದರೆ ಪೆಸೊ ಮಾನ್ಯತೆಯ ಕೇಂದ್ರದಲ್ಲೇ ಕೇಳಿ. ಅಲ್ಲಿ ಸಿಲಿಂಡರಿಗೆ ನೀರು ತುಂಬಿಸಿ, ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು, ಅದು ಎಷ್ಟು ಹಿಗ್ಗಿತು, ಒತ್ತಡ ಇಳಿಸಿದ ಮೇಲೆ ಎಷ್ಟು ಹಿಗ್ಗಿದಂತೆಯೇ ಉಳಿಯಿತು ಎಂದು ಅಳೆಯುತ್ತಾರೆ. ಅದಕ್ಕೆ ಮೊದಲು ಬಣ್ಣ ಸುಡಿಸುವುದು, ಭಟ್ಟಿಯಲ್ಲಿ ಪೌಡರ್ ಕೋಟಿಂಗ್ ಮಾಡಿಸುವುದು, ವೆಲ್ಡಿಂಗ್, ಗ್ರೈಂಡಿಂಗ್ ಯಾವುದನ್ನೂ ಮಾಡಿಸಬೇಡಿ. ಟೈರ್ ಅಂಗಡಿಯ ಕಂಪ್ರೆಸರಿನ ಗಾಳಿಯಾಗಲಿ ಆಸ್ಪತ್ರೆಯ ಆಕ್ಸಿಜನ್ ಆಗಲಿ ಉಸಿರಿನ ಸಿಲಿಂಡರಿಗೆ ಸಲ್ಲದು. ಮೊದಲನೆಯದರಲ್ಲಿ ಎಣ್ಣೆಯ ಆವಿ ಮತ್ತು ಕಾರ್ಬನ್ ಮೊನಾಕ್ಸೈಡ್ ಇರಬಹುದು; ಎರಡನೆಯದು ಆರು ಮೀಟರಿಗಿಂತ ಕೆಳಗೆ ವಿಷವಾಗುತ್ತದೆ, ಗ್ರೀಸಿನ ಜೊತೆ ಸೇರಿದರೆ ಬೆಂಕಿಗೂ ಕಾರಣವಾಗುತ್ತದೆ.

ಹೊಸ ಸಿಲಿಂಡರಿಗೆ ಹಳೆಯ ರೆಗ್ಯುಲೇಟರ್ ಸೇರಿಸುವಾಗ ಒಂದು ತೊಡಕಿದೆ. ಆ ಕಾಲದ ಅಮೆರಿಕದ ಉಕ್ಕಿನ ಸಿಲಿಂಡರುಗಳ ಒತ್ತಡ 2250 ಪಿಎಸ್‌ಐ, ಅಂದರೆ ಸುಮಾರು 155 ಬಾರ್. ಇಂದಿನ ಸಾಮಾನ್ಯ ಅಲ್ಯುಮಿನಿಯಂ ಸಿಲಿಂಡರಿಗೆ ತುಂಬುವುದು 3000 ಪಿಎಸ್‌ಐ, ಸುಮಾರು 207 ಬಾರ್. ಹಳೆಯ ತೆಳು ಯೋಕ್ ಇಂದಿನ ದಪ್ಪ ವಾಲ್ವಿಗೆ ಒಮ್ಮೊಮ್ಮೆ ಹಿಡಿಸುವುದಿಲ್ಲ, ಹಿಡಿಸಿದರೂ ಈ ಹೆಚ್ಚುವರಿ ಒತ್ತಡಕ್ಕೆ ಸಣ್ಣಗೆ ಹಿಗ್ಗಿ ಓ-ರಿಂಗನ್ನು ಹೊರದಬ್ಬಬಹುದು. ಗಟ್ಟಿ ಯೋಕ್ ಹಾಕಿಸಿಕೊಳ್ಳಿ, ಇಲ್ಲವೇ 150 ಬಾರ್ ಮಾತ್ರ ತುಂಬಿಸಿ ಕೊಡಲು ಕೇಂದ್ರದವರನ್ನು ಕೇಳಿಕೊಳ್ಳಿ.

ಹಳೆಯ ಸಿಲಿಂಡರುಗಳ ಜೆ-ವಾಲ್ವಿನ ಬಗ್ಗೆಯೂ ಒಂದು ಮಾತು. ಒತ್ತಡದ ಗೇಜುಗಳು ಬಳಕೆಗೆ ಬರುವ ಮುನ್ನ, ಗಾಳಿ ಸುಮಾರು 20 ಬಾರ್‌ಗೆ ಇಳಿದಾಗ ಈ ವಾಲ್ವಿನ ಸ್ಪ್ರಿಂಗು ಉಸಿರನ್ನು ಬಿಗಿಹಿಡಿಯುತ್ತಿತ್ತು. ಸರಳನ್ನು ಕೆಳಗೆಳೆದರೆ ಉಳಿದ ಗಾಳಿ ಸಿಗುತ್ತಿತ್ತು. ಯಾವುದಕ್ಕೋ ತಗುಲಿ ಸರಳು ಮೊದಲೇ ಕೆಳಗಾಗಿದ್ದರೆ ಉಳಿತಾಯವೇ ಇಲ್ಲ. ಅದನ್ನು ಚೆನ್ನಾಗಿ ದುರಸ್ತಿ ಮಾಡಬಹುದು, ಆದರೆ ಅದನ್ನು ನಂಬಿ ಗೇಜಿಲ್ಲದೆ ಇಳಿಯಬೇಡಿ.

ಮುಖವಾಡ, ಪಟ್ಟಿ, ಗೇಜು

ಹಳೆಯ ಮೊಟ್ಟೆಯಾಕಾರದ ಮುಖವಾಡದ ರಬ್ಬರಿನ ಮೇಲಿನ ಬಿಳಿ ಪುಡಿ ಯಾವಾಗಲೂ ಬೂಷ್ಟಲ್ಲ, ರಬ್ಬರಿನೊಳಗಿನ ಮೇಣವೇ ಮೇಲೆ ಬಂದಿರಬಹುದು, ಸೋಪು ನೀರಿನಿಂದ ಹೋಗುತ್ತದೆ. ಮಡಿಸಿದಾಗ ಸೂಕ್ಷ್ಮ ಬಿರುಕು ಕಂಡರೆ ಮುಖವಾಡ ಕಪಾಟಿಗೆ. ಗಾಜಿನ ಮೂಲೆಯಲ್ಲಿ ಟೆಂಪರ್ಡ್ ಎಂಬ ಗುರುತಿಲ್ಲದಿದ್ದರೂ ಹಾಗೆಯೇ. ಹತ್ತಿಯ ಬೆನ್ನುಪಟ್ಟಿಗಳನ್ನು ನೈಲಾನಿಗೆ ಬದಲಿಸಿ, ಪಾಲಿಯೆಸ್ಟರ್ ದಾರದಲ್ಲಿ ಹೊಲಿಸಿ. ಹಳೆಯ ಒತ್ತಡದ ಗೇಜು, ಆಳದ ಗೇಜುಗಳನ್ನು ಹೊಸದೊಂದರ ಪಕ್ಕದಲ್ಲಿಟ್ಟು ಹೋಲಿಸದೆ ನಂಬಬಾರದು, ನಿಜ ಹೇಳಬೇಕೆಂದರೆ ಹೋಲಿಸಿದ ಮೇಲೂ ನಾನು ನಂಬುವುದಿಲ್ಲ.

ನೀರಿಗೆ

ಮೊದಲು ಬಕೆಟ್ಟು. ಒತ್ತಡ ಕೊಟ್ಟ ರೆಗ್ಯುಲೇಟರನ್ನು ಮುಳುಗಿಸಿ ಹತ್ತು ನಿಮಿಷ ಗುಳ್ಳೆಗಳಿಗಾಗಿ ಕಾಯಿರಿ; ಎರಡು ಕೊಳವೆಯದಾದರೆ ಮೌತ್‌ಪೀಸನ್ನು ಡಬ್ಬಿಗಿಂತ ಮೇಲೆತ್ತಬೇಡಿ, ಎತ್ತಿದರೆ ಗಾಳಿ ಸುರಿಯುವುದು ಅದರ ಸ್ವಭಾವವೇ ಹೊರತು ದೋಷವಲ್ಲ. ನಂತರ ಈಜುಕೊಳ, ನಿಂತರೆ ತಲೆ ಹೊರಬರುವಷ್ಟು ಆಳದಲ್ಲಿ, ಪಕ್ಕದಲ್ಲಿ ಆಧುನಿಕ ಉಪಕರಣ ಮತ್ತು ಎರಡನೆಯ ಮೌತ್‌ಪೀಸ್ ಇರುವ ಜೊತೆಗಾರರೊಂದಿಗೆ. ಎರಡು ಕೊಳವೆಯದರಲ್ಲಿ ಈಜುವಾಗ ಡಯಾಫ್ರಾಮ್ ಬೆನ್ನ ಮೇಲೆ, ಶ್ವಾಸಕೋಶಕ್ಕಿಂತ ಎತ್ತರದಲ್ಲಿರುವುದರಿಂದ ಉಸಿರು ತುಸು ಬಿಗಿ ಎನಿಸುತ್ತದೆ. ಅಂಗಾತ ತಿರುಗಿದರೆ ಗಾಳಿ ಧಾರಾಳವಾಗಿ ನುಗ್ಗುತ್ತದೆ. ಕೊಳವೆಗೆ ನೀರು ಹೊಕ್ಕಾಗ, ಬಿಟ್ಟ ಉಸಿರಿನ ಕೊಳವೆ ಎಡಗಡೆಗಿರುವುದರಿಂದ, ಎಡಕ್ಕೆ ಹೊರಳಿ ಜೋರಾಗಿ ಊದಬೇಕು. ಆಗ ನೀರು ಹೊರಹೋಗುವ ವಾಲ್ವಿನ ಕಡೆಗೆ ಇಳಿಯುತ್ತದೆ. ಬಹುತೇಕ ಮಾದರಿಗಳಲ್ಲಿ ಒತ್ತಿ ನೀರು ಹೊರಹಾಕುವ ಗುಂಡಿ ಇಲ್ಲವಾದ್ದರಿಂದ ಈ ಹೊರಳಾಟ ಕೈವಶವಾಗುವವರೆಗೆ ಈಜುಕೊಳ ಬಿಡಬಾರದು.

ಮುಂಬಯಿಯ ಕಡಲು ಕೆಸರಿನದು, ಅಲ್ಲಿ ಪ್ರಯೋಗ ಬೇಡ. ಮಾಲವಣದ ಬಳಿಯ ತಾರ್ಕರ್ಲಿ, ಗೋವಾದ ಗ್ರಾಂಡೆ ದ್ವೀಪ, ಅಥವಾ ಕೊಂಕಣ ರೈಲಿನಲ್ಲಿ ಮುರ್ಡೇಶ್ವರಕ್ಕೆ ಇಳಿದು ಹೋಗಬಹುದಾದ ನಮ್ಮ ನೇತ್ರಾಣಿ, ಮಳೆಗಾಲ ಕಳೆದ ಮೇಲೆ ಇವು ಸೂಕ್ತ. ಕೇಂದ್ರದವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ, ಹಲವರು ಒಪ್ಪುವುದಿಲ್ಲ, ಅದು ಅವರ ಹಕ್ಕು. ಎರಡು ಕೊಳವೆಯದಕ್ಕೆ ಗೇಜಿನ ಪೋರ್ಟ್ ಇರದಿದ್ದರೆ, ಗೇಜು ಹೊಂದಿದ ಆಧುನಿಕ ರೆಗ್ಯುಲೇಟರನ್ನೂ ಸೇರಿಸಬಹುದಾದ ಎರಡು ಬಾಯಿಯ ವಾಲ್ವಿನ ಸಿಲಿಂಡರ್ ಬೇಕು. ಮೊದಲ ಸಲ ಮೂರು ಮೀಟರ್, ಎಲ್ಲ ಸರಿಯಿದ್ದರೆ ಇನ್ನೊಂದು ದಿನ ಹತ್ತು ಮೀಟರ್. ಅದಕ್ಕಿಂತ ಕೆಳಗೆ ನಾನು ಒಯ್ದಿಲ್ಲ. ಗುಳ್ಳೆಗಳು ತಲೆಯ ಹಿಂದಿನಿಂದ ಏರುವುದರಿಂದ ಮುಖದೆದುರು ಸದ್ದಿಲ್ಲ, ಮೀನುಗಳು ಹತ್ತಿರ ಬರುತ್ತವೆ. ಇಷ್ಟು ಕಷ್ಟಪಟ್ಟದ್ದು ಆ ಕೆಲವು ನಿಮಿಷಗಳಿಗಾಗಿ.

ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯುವಾಗ ಫಸ್ಟ್ ಸ್ಟೇಜಿನ ಬಾಯಿಗೆ ಮುಚ್ಚಳ ಭದ್ರವಾಗಿರಲಿ. ಕೊಳವೆಗಳನ್ನು ಬಿಚ್ಚಿ ನೇತುಹಾಕಿ ನೆರಳಲ್ಲಿ ಒಣಗಿಸಿ, ಮಡಿಸದೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಯಲ್ಲಿ ಎಲ್ಲಕ್ಕೂ ಬೂಷ್ಟು ಹತ್ತುತ್ತದೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟರೆ ಉಳಿಯುತ್ತದೆ. ಡಬ್ಬಿಯನ್ನು ಕಿಡಿ ಹಾರುವ ವಿದ್ಯುತ್ ಮೋಟಾರಿನ ಪಕ್ಕದಲ್ಲಿ ಇಡಬೇಡಿ, ಆ ಕಿಡಿಯಿಂದ ಹುಟ್ಟುವ ಓಝೋನ್ ರಬ್ಬರನ್ನು ಬಿರಿಯಿಸುತ್ತದೆ. ಸೀಟು, ಡಯಾಫ್ರಾಮ್, ಓ-ರಿಂಗುಗಳನ್ನು ಹಾಕಿದ ದಿನಾಂಕವನ್ನೂ ಕೊನೆಯ ಬಾರಿ ಗೇಜು ತೋರಿಸಿದ ಅಂಕಿಯನ್ನೂ ಒಂದು ಚೀಟಿಯಲ್ಲಿ ಬರೆದು ಯೋಕಿಗೆ ಕಟ್ಟಿಡಿ; ಮಳೆಗಾಲ ಮುಗಿದು ಡಬ್ಬಿ ತೆರೆದಾಗ ಮೊದಲು ಮಾಡಬೇಕಾದದ್ದು ಮತ್ತೆ ಗೇಜು ಸೇರಿಸಿ ಆ ಅಂಕಿಯೊಂದಿಗೆ ತಾಳೆ ನೋಡುವುದು.